ಲೀಟರಿಗೆ ಹನ್ನೊಂದೂವರೆ

ನಮ್ಮೂರಿನಲ್ಲಿ ಇಬ್ಬರು ಎದುರಾದರೆ "ಊಟ ಆಯ್ತಾ" ಅನ್ನುವುದಿಲ್ಲ, "ಗಾಳಿ ಹೇಗೈತೆ?" ಅನ್ನುತ್ತೇವೆ. "ಮುಖಕ್ಕೈತೆ" ಅನ್ನುವುದು ಉತ್ತರ. ಬದುಕಿದ್ದೇನೆ, ನಡೀತಾ ಇದೆ ಅಂತ ಅರ್ಥ. ಯಾವ ಕಡೆ ತಿರುಗಿ ನಿಂತರೂ ಇಲ್ಲಿ ಗಾಳಿ ಮುಖಕ್ಕೇ ಬೀಸುವುದರಿಂದ ಈ ಉತ್ತರ ಯಾರ ಬಾಯಲ್ಲೂ ಬದಲಾದದ್ದಿಲ್ಲ. ನಾನು ಪೂರ್ವಕ್ಕೆ ತಿರುಗಿದರೆ ಪೂರ್ವದಿಂದ, ನನ್ನ ಪಕ್ಕದಲ್ಲೇ ಪಶ್ಚಿಮಕ್ಕೆ ತಿರುಗಿ ನಿಂತವನಿಗೆ ಪಶ್ಚಿಮದಿಂದ. ಅವರವರ ಗಾಳಿ ಅವರವರಿಗೆ. ಹೊಳೆಯ ಸೇತುವೆ ದಾಟಿದ ಮೇಲೆ ಎಲ್ಲ ಕಡೆಯಂತೆ ಮಾಮೂಲಿ ಗಾಳಿ. ಮುಂದಕ್ಕೆ ಬಾಗಿ ನಡೆದು ರೂಢಿಯಾದ ನಮ್ಮವರು ಅಲ್ಲಿಗೆ ಹೋದಾಗ ಮೊದಲ ನಾಲ್ಕು ಹೆಜ್ಜೆ ಮುಗ್ಗರಿಸುತ್ತಾರೆ.

ಅದಕ್ಕೆ ತಕ್ಕಂತೆ ಹೊಂದಿಕೊಂಡಿದ್ದೇವೆ. ಟೋಪಿಗೆ ಗಲ್ಲದ ಕೆಳಗೆ ದಾರ ಇರುತ್ತದೆ. ಕಾಳು ತೂರುವವರು ಗಾಳಿಗೆ ಕಾಯಬೇಕಿಲ್ಲ, ಆದರೆ ಹೊಟ್ಟೆಲ್ಲ ಮೈಮೇಲೇ ಬರುವುದರಿಂದ ಮೊರ ಎತ್ತಿ ಕಣ್ಣು ಮುಚ್ಚಿಕೊಳ್ಳಬೇಕು. ಒಬ್ಬರೇ ದೀಪದ ಮುಂದೆ ಕೂತರೆ ದೀಪ ಆರುತ್ತದೆ. ಎದುರಿಗೆ ಇನ್ನೊಬ್ಬರು ಕೂತರೆ ಎರಡು ಕಡೆಯ ಗಾಳಿಯೂ ನಡುವೆ ಒಂದನ್ನೊಂದು ಹಿಡಿದುಕೊಂಡು ಬತ್ತಿ ನೆಟ್ಟಗೆ ನಿಲ್ಲುತ್ತದೆ. ಹಾಗಾಗಿ ಒಲೆ ಹಚ್ಚುವುದು ಇಲ್ಲಿ ಇಬ್ಬರ ಕೆಲಸ. ಹುಟ್ಟಿದ ಕೂಸಿನ ನೆತ್ತಿಯ ಕೂದಲು ಹಿಂದಕ್ಕೆ ಹಾರಿದರೆ ಸೂಲಗಿತ್ತಿ ಸಮಾಧಾನದ ಉಸಿರು ಬಿಡುತ್ತಾಳೆ. ಸತ್ತವರ ಮುಖಕ್ಕೆ ಮಾತ್ರ ಗಾಳಿ ಇರುವುದಿಲ್ಲ. ಯಾವ ಜಾತಿಯವರೇ ಆಗಲಿ, ಅವರನ್ನು ಗಾಡಿಯ ಹಿಂದೆ, ಮುಖ ಹಿಂದಕ್ಕೆ ಮಾಡಿ ಒಯ್ಯುತ್ತಾರೆ. ಬದುಕಿರುವವರು ಯಾರೂ ಗಾಡಿಯಲ್ಲಿ ಹಿಂದಕ್ಕೆ ತಿರುಗಿ ಕೂರುವುದಿಲ್ಲ. ಮಕ್ಕಳು ಆಟಕ್ಕೆ ಕೂತರೂ ಬೆನ್ನಿಗೊಂದು ಬೀಳುತ್ತದೆ.

ನನ್ನದು ಗ್ಯಾರೇಜು. ಹೆಸರು ಓಬಳೇಶಿ. ಸದಾ ಎದುರುಗಾಳಿ ಇರುವ ಊರಿನಲ್ಲಿ ಮೆಕ್ಯಾನಿಕ್ ಹತ್ತಿರ ಜನ ಕೇಳುವುದು ಒಂದೇ ಪ್ರಶ್ನೆ, "ಲೀಟರಿಗೆ ಎಷ್ಟು ಕೊಡ್ತೈತೆ?" ಡೀಸೆಲ್ ಟ್ಯಾಂಕರ್ ವಾರಕ್ಕೊಮ್ಮೆ ಸೇತುವೆ ದಾಟಿ ಬರುತ್ತದೆ. ಬರುವಷ್ಟರಲ್ಲಿ ತನ್ನ ಪಾಲು ತಾನೇ ಕುಡಿದಿರುತ್ತದೆ. ಉಳಿದದ್ದರಲ್ಲಿ ಗಾಡಿಗೆ ಇಪ್ಪತ್ತು ಲೀಟರಿನಂತೆ ಹಾಕುತ್ತಾರೆ. ದೊಡ್ಡವರಿಗೂ ಇಪ್ಪತ್ತು, ಚಿಕ್ಕವರಿಗೂ ಇಪ್ಪತ್ತು.

ಒಂದು ಸೋಮವಾರ ಮಧ್ಯಾಹ್ನ ಮಂಡಕ್ಕಿ ಭಟ್ಟಿಯ ಹೊನ್ನೂರಬಿ ತನ್ನ ಹಳೆಯ ಪಿಕಪ್ ತಂದು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದಳು. ಪಕ್ಕದ ಸೀಟಿನಲ್ಲಿ ಅವಳ ಗಂಡ ಕಾಸೀಂಸಾಬ ಕೂತಿದ್ದ. ಇಪ್ಪತ್ತು ವರ್ಷ ಆ ಗಾಡಿ ಓಡಿಸಿದವನು ಅವನೇ. ಎರಡು ವರ್ಷದ ಹಿಂದೆ ಅವನ ಕಿಡ್ನಿ ಕೈಕೊಟ್ಟ ಮೇಲೆ ಅವಳು ಕಲಿತಳು. ಅವಳು ಕಲಿತದ್ದನ್ನು ಅವನು ಇನ್ನೂ ಒಪ್ಪಿರಲಿಲ್ಲ.

"ನ್ಯೂಟ್ರಲ್ ಮಾಡು, ಆಮೇಲೆ ಕ್ಲಚ್ ಬಿಡು," ಅನ್ನುತ್ತಿದ್ದ.

"ಮಾಡೀನ್ರೀ."

"ಮಾಡಿದ್ರೆ ಯಾಕೆ ಎಗರ್ತು?"

"ನೀವು ಹೆದರಿಸಿದ್ರಲ್ಲ, ಅದಕ್ಕೆ ಎಗರ್ತು."

ಅವನು ಇಳಿದು ಅಂಗಳದಲ್ಲಿದ್ದ ಹಳೆಯ ಟೈರಿನ ಮೇಲೆ ಕೂತ. ಕಾಲು ಊದಿದ್ದವು. ಅವಳು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು ವಿಷಯ ಹೇಳಿದಳು. ಸೇತುವೆಯಾಚೆಯ ಆಸ್ಪತ್ರೆಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್ ಆಗುತ್ತಿತ್ತು. ಇನ್ನು ಮುಂದೆ ಮೂರು ಸಲ ಆಗಲೇಬೇಕು ಅಂದಿದ್ದಾರೆ ಡಾಕ್ಟರು. ಆಸ್ಪತ್ರೆಗೆ ಮೂವತ್ತೆಂಟು ಕಿಲೋಮೀಟರು. ಹೋಗಿ ಬರಲು ಎಪ್ಪತ್ತಾರು. ಈ ಗಾಡಿ ಲೀಟರಿಗೆ ಎಂಟು ಕೊಡುತ್ತದೆ. ಎರಡು ಸಲಕ್ಕೆ ಇಪ್ಪತ್ತು ಲೀಟರ್ ಸರಿಹೋಗುತ್ತಿತ್ತು. ಮೂರು ಸಲಕ್ಕೆ?

ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದೆ. ಇನ್ನೂರಿಪ್ಪತ್ತೆಂಟು ಕಿಲೋಮೀಟರು. ಲೀಟರಿಗೆ ಹನ್ನೊಂದೂವರೆ ಬರಬೇಕು.

"ಊರವರು ಬಾಟಲಿಯಲ್ಲಿ ತಂದುಕೊಡ್ತೀವಿ ಅಂದ್ರು," ಅಂದಳು. "ಹೋದ ವಾರ ಡಾಕ್ಟರು ಒಂದು ಸಲ ಹೆಚ್ಚಿಗೆ ಕರೆದಾಗ ಕೊಟ್ಟೂ ಕೊಟ್ರು. ಇವರು ಬೇಡ ಅಂತಾರೆ."

"ನಮಗೆ ಎರಡು ಲೀಟರ್ ಕೊಟ್ಟು ಹಾಲಿನ ಗಾಡಿ ಒಂದು ದಿನ ನಿಂತಿತ್ತಲ್ಲೋ ಓಬಳೇಶಿ," ಅಂದ ಕಾಸೀಂಸಾಬ. "ಕೂಸುಗಳ ಹಾಲು ನಿಲ್ಲಿಸಿ ನನ್ನ ರಕ್ತ ತೊಳಸ್ಕೋಬೇಕಾ? ಆಗಲ್ಲ. ನನ್ನ ಇಪ್ಪತ್ತರಾಗೆ ಹೋಗಿಬರೋ ಹಂಗೆ ಮಾಡು. ಇಲ್ಲಾಂದ್ರೆ ಎರಡೇ ಸಲ ಹೋಗ್ತೀನಿ, ಎಷ್ಟು ದಿನ ನಡೀತೈತೋ ನಡೀಲಿ."

"ಆ ಮಾತು ಆಡಬ್ಯಾಡ್ರಿ ಅಂದಿಲ್ವಾ?" ಅಂತ ಅವಳು ಗದರಿದಳು. ನನ್ನ ಕಡೆ ತಿರುಗಿ, "ಅಣ್ಣ, ಮುಂದಿನ ಸೋಮವಾರದಿಂದ ಮೂರು ಸಲ ಶುರು," ಅಂದಳು.

ಒಂದು ವಾರ. ಬಾನೆಟ್ ಎತ್ತಿದೆ.

ಹಳೇ ಡೀಸೆಲ್ ಗಾಡಿ ಹೆಚ್ಚು ಕುಡಿಯಲು ಒಂದೇ ಕಾರಣ ಅಂತ ಇರುವುದಿಲ್ಲ. ಹತ್ತು ಕಡೆ ಸ್ವಲ್ಪ ಸ್ವಲ್ಪ ಸೋರುತ್ತಿರುತ್ತದೆ. ಏರ್ ಫಿಲ್ಟರ್ ಬಿಚ್ಚಿ ತಟ್ಟಿದೆ. ಅರ್ಧ ಸೇರು ಧೂಳು, ಅದರ ಜೊತೆ ಮಂಡಕ್ಕಿ ಕಾಳು. ಉಸಿರು ಕಟ್ಟಿದವನು ಓಡಲಾರ, ಎಂಜಿನ್ನೂ ಅಷ್ಟೇ. ನಾಲ್ಕು ನಾಝಲ್ ಬಿಚ್ಚಿ ಪಂಪಿಗೆ ಹಚ್ಚಿ ನೋಡಿದರೆ ಎರಡು ಮಂಜಿನಂತೆ ಸಿಂಪಡಿಸುವ ಬದಲು ಜೊಲ್ಲು ಸುರಿಸುತ್ತಿದ್ದವು. ಕಪ್ಪು ಹೊಗೆ ಬರುತ್ತಿದ್ದುದು ಅದಕ್ಕೇ. ಎಂಜಿನ್ನಿನ ವಾಲ್ವ್ ಎತ್ತುವ ಟ್ಯಾಪೆಟ್ ಸರಿ ಮಾಡಿದೆ. ಚಕ್ರ ಜ್ಯಾಕಿಗೆ ಎತ್ತಿ ಕೈಯಲ್ಲಿ ತಿರುಗಿಸಿದರೆ ಹಿಂದಿನ ಎರಡೂ ತಿರುಗಲೇ ಇಲ್ಲ. ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಂಡಿತ್ತು. ಬ್ರೇಕ್ ಹಿಡಿದುಕೊಂಡೇ ವರ್ಷಗಟ್ಟಲೆ ಓಡಿದ ಗಾಡಿ ಅದು. ಬಿಚ್ಚಿ, ಉಜ್ಜಿ, ಬೆರಳಲ್ಲಿ ತಳ್ಳಿದರೆ ತಿರುಗುವಂತೆ ಮಾಡಿದೆ. ಟೈರಿನ ಗಾಳಿ ನೋಡಿದೆ. "ಗಾಳಿ ಕಡಿಮೆ ಐತೆ" ಅಂತ ನಮ್ಮೂರಲ್ಲಿ ಜೋರಾಗಿ ಹೇಳುವಂತಿಲ್ಲ, ಯಾರ ಬಗ್ಗೆಯೋ ಏನೋ ಅಂತ ಜನ ಓಡಿ ಬರುತ್ತಾರೆ. ಸುಮ್ಮನೆ ತುಂಬಿದೆ.

ಥರ್ಮೋಸ್ಟ್ಯಾಟ್ ವಾಲ್ವ್ ಇರಬೇಕಾದ ಜಾಗ ಖಾಲಿ ಇತ್ತು. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ತಡೆದು ಹಿಡಿಯುವ ಚಿಕ್ಕ ಬಾಗಿಲು ಅದು. ಅದಿಲ್ಲದಿದ್ದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ತಣ್ಣಗಿದ್ದಷ್ಟೂ ಡೀಸೆಲ್ ಹೆಚ್ಚು ಕುಡಿಯುತ್ತದೆ.

"ಯಾವ ಬೇವಕೂಫ ತೆಗೆದಾನೆ ಇದನ್ನ?" ಅಂದೆ.

ಕಾಸೀಂಸಾಬ ಟೈರಿನ ಮೇಲಿಂದಲೇ ನಕ್ಕ. "ಹನ್ನೆರಡು ವರ್ಷದ ಹಿಂದೆ ನೀನೇ ತೆಗ್ದಿದ್ದೋ. 'ನಮ್ಮ ಬಿಸಿಲಿಗೆ ಇದೆಲ್ಲ ಯಾಕೆ, ಗಾಡಿ ತಣ್ಣಗಿರ್ಲಿ' ಅಂದಿದ್ದಿ."

ಹೌದು. ಆಗ ಎಲ್ಲ ಗಾಡಿಗಳಿಂದಲೂ ತೆಗೆದು ಬಿಸಾಡುತ್ತಿದ್ದೆ. ನನ್ನ ಗುರು ಹೇಳಿಕೊಟ್ಟ ತಪ್ಪು, ನಾನು ಊರಿಗೆಲ್ಲ ಹಂಚಿದ್ದೆ. ತಲೆ ತಗ್ಗಿಸಿ ಹೊಸದು ತರಿಸಿ ಹಾಕಿದೆ.

ಕೊನೆಗೆ ಉಳಿದದ್ದು ಚೌಕಟ್ಟು. ಮಂಡಕ್ಕಿ ಚೀಲ ಹಗುರ, ಆದರೆ ಜಾಗ ಬೇಕು. ಹಾಗಾಗಿ ಕಾಸೀಂಸಾಬ ಬಾಡಿಯ ಮೇಲೆ ಒಂದಾಳು ಎತ್ತರದ ಕಬ್ಬಿಣದ ಚೌಕಟ್ಟು ಕಟ್ಟಿಸಿದ್ದ. ಕ್ಯಾಬಿನ್ನಿನ ಮೇಲಕ್ಕೆ ಚಾಚಿದ ತಗಡಿನ ಮೇಲೆ ತನ್ನ ಕೈಯಾರೆ ಬಣ್ಣದಲ್ಲಿ "ಹೊನ್ನೂರಬಿ" ಅಂತ ಬರೆದಿದ್ದ. ಎದುರುಗಾಳಿಯೆಲ್ಲ ಬಂದು ಬಡಿಯುತ್ತಿದ್ದುದು ಆ ತಗಡಿಗೇ.

"ಇದನ್ನ ತೆಗೀಬೇಕು," ಅಂದೆ.

ಹೊನ್ನೂರಬಿ ಗಂಡನ ಮುಖ ನೋಡಿದಳು. ಅವನು ಟೋಪಿಯ ದಾರ ಸರಿ ಮಾಡಿಕೊಂಡು, "ತೆಗಿ. ಹೆಸರು ತಗಡಿನ ಮ್ಯಾಲೆ ಇದ್ರೇನು, ಸ್ಟೇರಿಂಗ್ ಹಿಡ್ಕೊಂಡು ಕೂತಾಳಲ್ಲ," ಅಂದ. ಅವಳು ಸುಮ್ಮನೆ ಬೇರೆ ಕಡೆ ನೋಡಿದಳು. ಅವನು ಅವಳ ಡ್ರೈವಿಂಗನ್ನು ಹೊಗಳಿದ್ದು ಅದೇ ಮೊದಲು.

ಶುಕ್ರವಾರ ಒಂದು ಲೀಟರಿನ ಬಾಟಲಿ ಕಟ್ಟಿ, ಟ್ಯಾಂಕಿನ ಪೈಪು ತಪ್ಪಿಸಿ ಬಾಟಲಿಗೆ ಕೊಟ್ಟು, ಅವಳ ಪಕ್ಕ ಕೂತು ಹೊರಟೆ. ಎಂಜಿನ್ನಿನ ಸದ್ದೇ ಬದಲಾಗಿತ್ತು. ಮೂರನೆಯ ಗೇರಿಗೆ ಬೇಗ ಹೋಗು, ಎಕ್ಸಲರೇಟರ್ ಮೇಲೆ ಮೊಟ್ಟೆ ಇದೆ ಅಂತ ತಿಳಿದು ಕಾಲಿಡು, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡ, ಗೇರಿನಲ್ಲೇ ಕಾಲು ತೆಗೆ, ಅಂತ ಹೇಳಿಕೊಟ್ಟೆ. ಅವಳು ಒಂದೇ ಸಲಕ್ಕೆ ಕಲಿತಳು. ಭಟ್ಟಿಯ ಉರಿ ನೋಡಿಕೊಳ್ಳುವವರಿಗೆ ಕಾಲಿನ ಹದ ಹೇಳಿಕೊಡುವುದು ಕಷ್ಟವಲ್ಲ. ಗಾಡಿ ನಿಂತಾಗ ಮೀಟರ್ ನೋಡಿದೆವು. ಹತ್ತು ಕಿಲೋಮೀಟರು, ಮುನ್ನೂರು ಮೀಟರು.

ಎಂಟರಿಂದ ಹತ್ತಕ್ಕೆ. ಬೇರೆ ಯಾರಾದರೂ ಆಗಿದ್ದರೆ ಸಿಹಿ ಹಂಚುತ್ತಿದ್ದರು. ಆದರೆ ಹತ್ತು ಚಿಲ್ಲರೆಗೆ ಇಪ್ಪತ್ತು ಲೀಟರಿನಲ್ಲಿ ಇನ್ನೂರಾರು ಕಿಲೋಮೀಟರು. ಮೂರನೆಯ ಸಲ ವಾಪಸು ಬರುವಾಗ ಊರು ಇಪ್ಪತ್ತೆರಡು ಕಿಲೋಮೀಟರ್ ದೂರ ಇರುವಾಗಲೇ ಗಾಡಿ ನಿಲ್ಲುತ್ತದೆ. ಡಯಾಲಿಸಿಸ್ ಮುಗಿಸಿ ತಲೆ ಸುತ್ತುತ್ತಿರುವ ಮನುಷ್ಯ ಬಯಲಲ್ಲಿ, ಎದುರುಗಾಳಿಯಲ್ಲಿ.

"ಇನ್ನೇನೂ ಉಳಿದಿಲ್ವಾ ಅಣ್ಣ?" ಅಂದಳು.

ಉಳಿದಿರಲಿಲ್ಲ. ಬಾಟಲಿ ಬಿಚ್ಚಿ ಪೈಪನ್ನು ಮತ್ತೆ ಟ್ಯಾಂಕಿಗೆ ಸೇರಿಸಿದೆ.

ಶನಿವಾರ ಗಾಡಿ ನನ್ನ ಅಂಗಳದ ಸಮತಟ್ಟು ಜಾಗದಲ್ಲಿತ್ತು. ನಾನು ಅದರ ಮುಂದೆ ನಿಂತು ರೇಡಿಯೇಟರಿನ ಕ್ಲಿಪ್ ಬಿಗಿಮಾಡುತ್ತಿದ್ದೆ. ಚೌಕಟ್ಟು ಬಿಚ್ಚಿದ ಜಾಗ ನೋಡಬೇಕು ಅಂತ ಕಾಸೀಂಸಾಬ ಹಿಂದಿನ ಬಾಡಿಯೊಳಗೆ ಹತ್ತಿದ್ದ. ಇದ್ದಕ್ಕಿದ್ದಂತೆ ಗಾಡಿ ಮೊಣಕಾಲಿಗೆ ಬಂದು ತಾಗಿತು. ಪಕ್ಕಕ್ಕೆ ಜಿಗಿದೆ. ಗಾಡಿ ನಾಲ್ಕು ಮಾರು ತಾನಾಗಿ ಉರುಳಿ, ಟೈರಿನ ರಾಶಿಗೆ ತಾಗಿ ನಿಂತಿತು. ಎಂಜಿನ್ ಆಫ್. ಇಳಿಜಾರಿಲ್ಲ. ಹಿಂದೆ ತಳ್ಳಿದವರೂ ಇಲ್ಲ.

ಬಾಡಿಯೊಳಗೆ ನೋಡಿದೆ. ಕಾಲು ನೋವು ಅಂತ ಕಾಸೀಂಸಾಬ ಕ್ಯಾಬಿನ್ನಿಗೆ ಬೆನ್ನು ಕೊಟ್ಟು ಕೂತಿದ್ದ. ಮುಖ ಹಿಂಬಾಗಿಲ ಕಡೆಗೆ. ಅವನ ಗಡ್ಡ ಕೊರಳಿಗೆ ಅಂಟುವಂತೆ ಗಾಳಿ ಬೀಸುತ್ತಿತ್ತು, ಗಾಡಿಯ ಹಿಂದಿನಿಂದ ಮುಂದಕ್ಕೆ. ಮೊದಲು ಆ ಬ್ರೇಕ್ ಹಿಡಿದಿದ್ದಾಗ ಹತ್ತು ಜನರ ಗಾಳಿಗೂ ಅದು ಅಲುಗಾಡುತ್ತಿರಲಿಲ್ಲ. ಈಗ ಬೆರಳಲ್ಲಿ ತಳ್ಳಿದರೆ ಉರುಳುವ ಚಕ್ರ.

"ಏನಾಯ್ತೋ?" ಅಂದ.

"ಸುಮ್ಮನಿರು. ಹಾಗೇ ಕೂತಿರು." ನಾನು ತಾರ್ಪಾಲು ತಂದು ಅವನ ಬೆನ್ನ ಹಿಂದೆ ಕ್ಯಾಬಿನ್ನಿನ ಅಗಲಕ್ಕೆ ಹರಡಿ ಹಿಡಿದೆ. ಅದು ಉಬ್ಬಿತು. ಟೈರಿನ ರಾಶಿ ಕಿರುಗುಟ್ಟಿತು.

ಇದನ್ನು ಹೊನ್ನೂರಬಿಗೆ ಹೇಳಿದಾಗ ಅವಳು ಕೈಲಿದ್ದ ಚೀಲ ಕೆಳಗಿಟ್ಟಳು.

"ಜೀವ ಇರೋ ಮನುಷ್ಯನ್ನ ಹೆಣ ಕೂರಿಸಿದಂಗೆ ಕೂರಿಸ್ಕೊಂಡು ಹೋಗ್ಲಾ? ನೀನೂ ಹಿಂಗೆ ಹೇಳ್ತೀಯಾ ಅಣ್ಣ?"

"ಹೆಣ ಬಾಯಿ ಮಾಡಲ್ಲ ಕಣೆ," ಅಂದ ಕಾಸೀಂಸಾಬ. "ನಾನು ದಾರಿಯುದ್ದ ಬೈಕೊಂತ ಬರ್ತೀನಿ. ಕೇಳಿದೋರಿಗೆ ಗೊತ್ತಾಗ್ತೈತೆ."

"ನಗಬ್ಯಾಡ್ರಿ."

"ನಗ್ತಿಲ್ಲ. ಎರಡು ವರ್ಷದಿಂದ ಭಟ್ಟಿ ಮುಂದೆ ನಿನ್ನ ಎದುರಿಗೆ ಕೂರೋದು ಬಿಟ್ರೆ ನಾನು ಏನು ಕೆಲಸ ಮಾಡೀನಿ, ಹೇಳು? ಉರಿ ನೆಟ್ಟಗೆ ನಿಲ್ಲಿಸೋಕೆ ಒಂದು ಮುಖ, ಅಷ್ಟೇ. ಈಗ ಗಾಡಿ ತಳ್ಳೋ ಕೆಲಸ ಸಿಕ್ಕೈತೆ. ನನ್ನ ಆಸ್ಪತ್ರೆಗೆ ನಾನೇ ತಳ್ಕೊಂಡು ಹೋಗ್ತೀನಿ. ಬೇಡ ಅನ್ಬೇಡ."

ಅವಳು ಕೆಳಗಿಟ್ಟ ಚೀಲ ಮತ್ತೆ ಎತ್ತಿಕೊಂಡಳು. ಆಮೇಲೆ ನನ್ನನ್ನು ಕೇಳಿದಳು, "ನಾನು ಮುಂದೆ, ಅವರು ಹಿಂದೆ. ಹೆಂಗಿದಾರೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು? ಎಂಜಿನ್ ಸದ್ದಿಗೆ ಮಾತೂ ಕೇಳಲ್ಲ."

ಸಮಾಧಾನ ಮಾಡಬೇಕು ಅಂತ ನಾನು ಹೇಳಿದೆ, "ಕಾಲಿನ ಕೆಳಗೇ ಗೊತ್ತಾಗ್ತೈತೆ ತಂಗಿ. ಗಾಡಿ ಹಗುರಾಗಿ ಓಡೋವರೆಗೂ ಅವನು ಚೆನ್ನಾಗವ್ನೆ ಅಂತ ತಿಳ್ಕೋ." ಮಾತು ಬಾಯಿಂದ ಹೊರಟಾಗ ಒಳ್ಳೆಯದೇ ಅನ್ನಿಸಿತ್ತು.

ಭಾನುವಾರ ಚೌಕಟ್ಟನ್ನು ಕ್ಯಾಬಿನ್ನಿನ ಎತ್ತರಕ್ಕೆ ಕತ್ತರಿಸಿದೆ. ಅದರಿಂದ ತಾರ್ಪಾಲು ಕಟ್ಟಲು ಕಂಬಗಳಾದವು. ಹೆಸರಿದ್ದ ತಗಡನ್ನು ತುಂಡು ಮಾಡಲಿಲ್ಲ. ಕ್ಯಾಬಿನ್ನಿನ ಹಿಂದಿನ ಗಾಜಿನ ಕೆಳಗೆ, ಬಾಡಿಯ ಕಡೆಗೆ ಹಚ್ಚಿದೆ. ಗಾಜು ಮುಚ್ಚದಂತೆ ತಾರ್ಪಾಲಿನಲ್ಲಿ ಕಿಟಕಿಯಷ್ಟು ಜಾಗ ಬಿಟ್ಟೆ. ಕಾಸೀಂಸಾಬನಿಗೆ ಹಳೆಯ ಬಸ್ಸಿನ ಸೀಟೊಂದನ್ನು ಬೋಲ್ಟ್ ಹಾಕಿ ಕೂರಿಸಿ, ಸೊಂಟಕ್ಕೆ ಪಟ್ಟಿ ಮಾಡಿದೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಮೊದಲ ಸಲ ಜೊತೆಗಿರೋಣ ಅಂತ ಹೊನ್ನೂರಬಿಯ ಪಕ್ಕ ಕೂತೆ. ಬಜಾರಿನಲ್ಲಿ ಗಾಡಿ ಬರುತ್ತಲೇ ಹೋಟೆಲಿನ ಮುಂದೆ ಕೂತವರು ಎದ್ದು ನಿಂತರು. ಕಿರಾಣಿ ಅಂಗಡಿಯವನು ಪದ್ಧತಿಯಂತೆ ಅರ್ಧ ಷಟರ್ ಎಳೆದ. ಒಬ್ಬಾಕೆ ಬಾಯಿಗೆ ಸೆರಗು ಒತ್ತಿಕೊಂಡು "ಅಯ್ಯೋ ಹೊನ್ನೂರಬಿ" ಅಂದಳು.

ಹಿಂದಿನಿಂದ ಕಾಸೀಂಸಾಬನ ಕೂಗು ಬಂತು. "ಏಯ್, ಕೂತ್ಕೊಂಡು ಚಾ ಕುಡೀರೋ! ಷಟರ್ ಎತ್ತೋ ಷಣ್ಮುಖಪ್ಪ, ನಾನು ಸಾಮಾನಿನ ಚೀಟಿ ಕೊಡೋದು ಐತೆ!"

ಜನ ದಂಗಾಗಿ ನಿಂತರು. ಯಾರೋ ನಕ್ಕರು. ಹೊನ್ನೂರಬಿ ನಗಲಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ನೇರ ನೋಡುತ್ತಿದ್ದಳು. ಆದರೆ ಊರು ದಾಟಿ ಬಯಲಿಗೆ ಬಂದು ಮೂರನೆಯ ಗೇರು ಹಾಕಿದಾಗ ಅವಳ ಮುಖ ಬದಲಾಯಿತು. ಎದುರಿನ ಗಾಜಿಗೆ ಗಾಳಿ ಬಡಿಯುತ್ತಿತ್ತು, ಆದರೂ ಗಾಡಿಯನ್ನು ಯಾರೋ ಹಿಂದಿನಿಂದ ಅಂಗೈಯಿಟ್ಟು ಒತ್ತುತ್ತಿರುವಂತಿತ್ತು. ಅವಳು ಪೆಡಲಿನ ಮೇಲಿನ ಕಾಲು ಅರ್ಧ ತೆಗೆದಳು. ಗಾಡಿ ಹಾಗೇ ಓಡಿತು.

"ಅವರೇನಾ ಅಣ್ಣ ಇದು?"

"ಅವನೇ."

ಸೇತುವೆ ಮುಟ್ಟಿದಾಗ ಲೆಕ್ಕ ಹಾಕಿದೆ. ಲೀಟರಿಗೆ ಹನ್ನೆರಡರ ಹತ್ತಿರ.

ಡಯಾಲಿಸಿಸ್ ಮುಗಿದು ಮೂರು ಗಂಟೆಗೆ ವಾಪಸು ಹೊರಟೆವು. ಕಾಸೀಂಸಾಬನ ಬಾಯಿ ಒಣಗಿತ್ತು, ಕಣ್ಣು ಒಳಗೆ ಹೋಗಿದ್ದವು. ಮುಂದೆ ಕೂರು ಅಂದೆವು. "ಬರುವಾಗ ಡ್ಯೂಟಿ ಇಲ್ವಾ?" ಅಂತ ಹಿಂದೇ ಹತ್ತಿದ. ಪಟ್ಟಿ ಕಟ್ಟಿ, ಹೊದಿಸಿ, ಹೊರಟೆವು. ಸೇತುವೆ ದಾಟಿದ ಮೇಲೆ ಹದಿನೈದು ಕಿಲೋಮೀಟರ್ ಗಾಡಿ ಹಗುರಾಗಿ ಓಡಿತು. ಜಾಲಿದಿಣ್ಣೆಯ ಏರಿನಲ್ಲಿ, ಇನ್ನೇನು ತುದಿ ಬಂತು ಅನ್ನುವಾಗ, ಗಾಡಿ ಒಮ್ಮೆಲೇ ಭಾರವಾಯಿತು.

ಹಿಂದಿನ ಅಂಗೈ ಯಾರೋ ತೆಗೆದ ಹಾಗೆ. ಎಂಜಿನ್ ಗೊಣಗಿತು. ಹೊನ್ನೂರಬಿ ಕಾಲು ಒತ್ತಿದಳು. ಇನ್ನೂ ಭಾರ.

ಅವಳು ಬ್ರೇಕ್ ಹಾಕಿದಳು. ಹ್ಯಾಂಡ್‌ಬ್ರೇಕ್ ಎಳೆದಳು. ಎಲ್ಲ ಸರಿಯಾಗಿ, ಕ್ರಮವಾಗಿ ಮಾಡಿದಳು. ಆಮೇಲೆ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಮುಂದಿನ ರಸ್ತೆಯನ್ನೇ ನೋಡಿದಳು. ಕನ್ನಡಿ ನೋಡಲಿಲ್ಲ. ಹಿಂದಿನ ಗಾಜಿನ ಕಡೆ ತಿರುಗಲಿಲ್ಲ.

"ಅಣ್ಣ, ನೀನು ನೋಡು," ಅಂದಳು. "ನೀನೇ ಹೇಳಿದ್ದಿ, ಹಗುರ ಇರೋವರೆಗೂ ಅಂತ. ನೀನೇ ಇಳಿದು ನೋಡು."

ನಾನು ಸಮಾಧಾನಕ್ಕೆ ಅಂತ ಕೊಟ್ಟ ಮಾತು ಅವಳ ಕೈಯಲ್ಲಿ ಏನಾಗಿದೆ ಅಂತ ಆಗ ತಿಳಿಯಿತು. ಬಾಗಿಲು ತೆಗೆದು ಇಳಿದೆ. ಕ್ಯಾಬಿನ್ನಿನಿಂದ ಬಾಡಿಯವರೆಗೆ ನಾಲ್ಕು ಹೆಜ್ಜೆ. ನಲವತ್ತು ವರ್ಷದ ಕೆಲಸದಲ್ಲಿ ಅಷ್ಟು ನಿಧಾನವಾಗಿ ಯಾವ ಗಾಡಿಯ ಸುತ್ತಲೂ ನಡೆದಿರಲಿಲ್ಲ.

ಕಾಸೀಂಸಾಬ ಪಟ್ಟಿ ಬಿಚ್ಚಿ ಸೀಟಿನ ಮೇಲೆ ಮೊಣಕಾಲೂರಿ ನಿಂತಿದ್ದ. ಮುಖ ಮುಂದಕ್ಕೆ. ಹಣೆಯನ್ನು ಹಿಂದಿನ ಗಾಜಿಗೆ ಒತ್ತಿ ಒಳಗೆ ನೋಡುತ್ತಿದ್ದ. ಗಡ್ಡ ಈಗ ಗಾಡಿಯ ಹಿಂದಕ್ಕೆ ಹಾರುತ್ತಿತ್ತು.

"ಯಾಕೆ ನಿಲ್ಸಿದ್ರಿ?" ಅಂದ.

ನನಗೆ ಸಿಟ್ಟು, ನಗು ಎರಡೂ ಒಟ್ಟಿಗೆ ಬಂದವು. "ತಿರುಗಿ ಯಾಕೆ ಕೂತಿ ಮಾರಾಯಾ?"

"ಹಿಂದೆ ಬರೀ ಹೋದ ದಾರಿನೇ ಕಾಣ್ತೈತೆ ಕಣೋ. ಮರ ಬರ್ತೈತೆ, ಸಣ್ಣಾಗ್ತೈತೆ, ಹೋಗ್ತೈತೆ. ಮುಂದೆ ಏನು ಬರ್ತೈತೆ ಅಂತ ಒಂದು ಸಲ ನೋಡಾನ ಅನ್ನಿಸ್ತು. ಇವಳು ಏರಿಗೆ ಗೇರ್ ಇಳಿಸ್ತಾಳೋ ಇಲ್ವೋ ಅಂತಾನೂ."

ಹೊನ್ನೂರಬಿ ಅಷ್ಟರಲ್ಲಿ ಇಳಿದು ಬಂದಿದ್ದಳು. ಅವನು ಮಾತಾಡುವುದನ್ನು ಕೇಳಿ ಗಾಡಿಯ ಪಕ್ಕಕ್ಕೆ ಒರಗಿದಳು. ಆಮೇಲೆ ಬೈದಳು. ಅವನ ಅಮ್ಮನಿಂದ ಹಿಡಿದು ಅವನ ಮೂರು ತಲೆಮಾರು ಬೈದಳು, ಕಣ್ಣೀರು ಎದುರುಗಾಳಿಗೆ ಕಿವಿಯ ಕಡೆ ಹರಿಯುತ್ತಿತ್ತು. ಅವನು ಗಾಜು ಬಿಟ್ಟು ಅವಳ ಕಡೆ ತಿರುಗಿ ಗಾಡಿಯ ಅಂಚಿಗೆ ಕೈಯೂರಿದ. ಕೊನೆಗೆ, "ಗೇರ್ ಇಳಿಸಿದ್ದಿ. ಸರಿಯಾಗೇ ಇಳಿಸಿದ್ದಿ," ಅಂದ.

ಅವಳು ಗಾಡಿಯ ಅಂಚಿನ ಮೇಲಿದ್ದ ಅವನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಇಬ್ಬರೂ ಎದುರುಬದುರು ಆಗಿದ್ದರಿಂದ ಅವರ ನಡುವೆ ಗಾಳಿ ನಿಂತಿತ್ತು.

ಮರುದಿನ ನನ್ನ ಗುಜರಿ ರಾಶಿಯಲ್ಲಿ ಹುಡುಕಿದೆ. ಹಳೆಯ ಲಾರಿಯ ದೊಡ್ಡ ಕನ್ನಡಿ ಎರಡು ಸಿಕ್ಕವು. ಮೂವತ್ತೆಂಟು ಕಿಲೋಮೀಟರಿಗೆ ಏನೇನು ಬೇಕೋ ಎಲ್ಲ ಬಿಗಿ ಮಾಡಿದ್ದೆ, ಹಿಂದೆ ಕೂತ ಮನುಷ್ಯನಿಗೆ ಏನು ಕಾಣಬೇಕು ಅಂತ ಯೋಚಿಸಿರಲಿಲ್ಲ. ಹಿಂಬಾಗಿಲಿನ ಎರಡು ತುದಿಗೆ ಕಡ್ಡಿ ಬೆಸೆದು ಅವನ್ನು ನಿಲ್ಲಿಸಿದೆ. ಬಲಗಡೆಯದನ್ನು ಹೊರಕ್ಕೆ ಚಾಚಿ ಎತ್ತರಿಸಿದೆ, ಅದರಲ್ಲಿ ಗಾಡಿಯ ಮುಂದಿನ ರಸ್ತೆ ಕಾಣಬೇಕು. ಎಡಗಡೆಯದನ್ನು ಹಿಂದಿನ ಗಾಜಿಗೆ ಗುರಿ ಹಿಡಿದೆ. ಕಾಸೀಂಸಾಬನನ್ನು ಸೀಟಿನಲ್ಲಿ ಕೂರಿಸಿ, ಹೊನ್ನೂರಬಿಯನ್ನು ಸ್ಟೇರಿಂಗಿಗೆ ಕೂರಿಸಿ, "ಕಾಣ್ತೈತಾ? ಈಗ?" ಅಂತ ಕೇಳುತ್ತಾ ಒಂದು ಗಂಟೆ ತಿರುಗಿಸಿದೆ.

"ಮೂಗು ಕಾಣ್ತೈತೆ," ಅಂದ. "ಇನ್ನೊಂಚೂರು ಮ್ಯಾಲೆ... ಹಾಂ. ಕಣ್ಣು. ಅವಳೂ ನೋಡ್ತಾ ಇದಾಳೆ."

ಒಳಗಿನ ಕನ್ನಡಿಯಲ್ಲಿ ಅವಳಿಗೆ ಅವನು, ಹಿಂದಿನ ಕನ್ನಡಿಯಲ್ಲಿ ಅವನಿಗೆ ಅವಳು. ನಾನು ಬೋಲ್ಟ್ ಬಿಗಿ ಮಾಡಿದೆ.

ಆ ವಾರ ಮೂರು ಸಲ ಹೋಗಿ ಬಂದರು. ಭಾನುವಾರ ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ನೋಡಿದರೆ ಒಂದು ಲೋಟದಷ್ಟು ಉಳಿದಿತ್ತು. ಅದನ್ನು ತೆಗೆದು ಹಾಲಿನ ಗಾಡಿಗೆ ಹಾಕು ಅಂದ ಕಾಸೀಂಸಾಬ.

ಈಗ ಬಜಾರಿನಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. ಷಣ್ಮುಖಪ್ಪ ಷಟರ್ ಎಳೆಯುವ ಬದಲು ಚೀಟಿಗೆ ಕೈಚಾಚುತ್ತಾನೆ. ನನ್ನ ಗ್ಯಾರೇಜಿಗೆ ಬರುವವರಿಗೆಲ್ಲ ಮೊದಲು ಥರ್ಮೋಸ್ಟ್ಯಾಟ್ ವಾಲ್ವ್ ವಾಪಸು ಹಾಕುತ್ತಿದ್ದೇನೆ. ಹಿಂದಿನ ಸೀಟಿನ ಮಾತನ್ನು ಅವರಾಗಿ ಕೇಳಿದರೆ ಮಾತ್ರ ಹೇಳುತ್ತೇನೆ. ಇನ್ನೂ ಬಹಳ ಜನಕ್ಕೆ ಮೈ ಜುಮ್ಮೆನ್ನುತ್ತದೆ.

ಹೋದ ಬುಧವಾರ ಬೆಳಿಗ್ಗೆ ಅವರ ಗಾಡಿ ನನ್ನ ಬಾಗಿಲ ಮುಂದೆ ಹಾಯಿತು. ಅಂಗಳದಲ್ಲಿ ನಿಂತು ಎಂದಿನಂತೆ ಕೂಗಿದೆ, "ಗಾಳಿ ಹೇಗೈತೆ ತಂಗಿ?"

ಹೊನ್ನೂರಬಿ ಕಿಟಕಿಯಿಂದ ಕೈ ಹೊರಗೆ ಹಾಕಿದಳು. "ಬೆನ್ನಿಗೈತೆ ಅಣ್ಣ!"

ನಮ್ಮೂರಲ್ಲಿ ಆ ಉತ್ತರವನ್ನು ಯಾರೂ ಕೊಟ್ಟದ್ದು ನಾನು ಕೇಳಿರಲಿಲ್ಲ. ಸ್ಪ್ಯಾನರ್ ಹಿಡಿದು ನಿಂತಿದ್ದಾಗ ಗಾಡಿಯ ಹಿಂಭಾಗ ಎದುರಿಗೆ ಬಂತು. ಕಾಸೀಂಸಾಬ ನನ್ನ ಕಡೆ ನೋಡಲೇ ಇಲ್ಲ. ಎರಡೂ ಕಣ್ಣು ಎಡಗಡೆಯ ಕನ್ನಡಿಯಲ್ಲಿದ್ದವು. ಕೈ ಎತ್ತಿ ಕೂಗುತ್ತಿದ್ದ:

"ಥರ್ಡಿಗೆ ಹಾಕೇ! ಥರ್ಡಿಗೆ ಹಾಕು!"